ಜೀವನಾಂಶ ಕೊಟ್ಟವಳು

ಪರದೆ ಎಳೆಯದ ಕಿಟಕಿಯ ಮುಂದೆ ರೆನ್ಸ್ಕೆ ನಿಂತಿದ್ದಳು.

ಸಂಜೆ ಆರು ಗಂಟೆ. ಹೋಲ್ಟರ್‌ಝೈಲ್‌ನಲ್ಲಿ ಅದು ಊಟದ ಹೊತ್ತು. ಹಾಲೆಂಡಿನ ನದಿ ದಂಡೆಯ ಈ ಪುಟ್ಟ ಊರಿನಲ್ಲಿ ಯಾರೂ ಪರದೆ ಎಳೆಯುವುದಿಲ್ಲ. 'ಮುಚ್ಚಿಡುವಂಥದ್ದು ನಮ್ಮನೆಯಲ್ಲಿ ಏನಿದೆ?' ಎಂಬ ಜಂಭ ಎಲ್ಲರಿಗೂ. ದೀಪ ಹಾಕಿಕೊಂಡು, ಇಡೀ ಬೀದಿಗೆ ಕಾಣುವಂತೆ ಕೂತು ಉಣ್ಣುತ್ತಾರೆ. ಆದರೆ ದಾರಿಯಲ್ಲಿ ಹೋಗುವವರು ಅತ್ತ ಕಣ್ಣು ಹಾಯಿಸಿದರೆ ಮಾತ್ರ ಮಹಾ ಅಸಭ್ಯರು!

ರೆನ್ಸ್ಕೆ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ಒಳಗೆ ಎತ್ತರದ ಗಂಡಸೊಬ್ಬ ಸೊಂಟಕ್ಕೆ ಏಪ್ರನ್ ಕಟ್ಟಿಕೊಂಡು ಬೆಂದ ಆಲೂಗಡ್ಡೆ ಹಿಸುಕುತ್ತಿದ್ದ. ಪಕ್ಕದಲ್ಲಿ ಕೆಂಪು ಸ್ವೆಟರಿನ ಹೆಂಗಸು. ಅವಳು ನಗುತ್ತಾ ಏನೋ ಹೇಳಿದಳು. ಅವನೂ ನಕ್ಕ. ಮೇಜಿನ ಮೇಲೆ ಎರಡು ತಟ್ಟೆ, ಎರಡು ಲೋಟ...

'ಸಿಕ್ಕಿಬಿದ್ದೆ ಹಾರ್ಮೆನ್!' ಎಂದುಕೊಂಡಳು ರೆನ್ಸ್ಕೆ.

ಇದನ್ನು ನೋಡಲೆಂದೇ ಬಂದವಳು ಅವಳು. ಕಂಡಿತಲ್ಲ, ಖುಷಿಪಡಬೇಕಿತ್ತು. ಆದರೆ ಕಾಲು ಮುಂದಕ್ಕೂ ಬರಲಿಲ್ಲ, ಹಿಂದಕ್ಕೂ ಹೋಗಲಿಲ್ಲ.

ಅಷ್ಟರಲ್ಲಿ ಅವನು ತಲೆಯೆತ್ತಿದ.

ನಾಲ್ಕು ವರ್ಷಗಳ ನಂತರ ಇಬ್ಬರ ಕಣ್ಣೂ ಕೂಡಿದವು!

ಹಾರ್ಮೆನ್ ಅವಳ ಮಾಜಿ ಗಂಡ. ಪ್ರತಿ ತಿಂಗಳೂ ಅವನ ಖಾತೆಗೆ ಜೀವನಾಂಶ ಹಾಕುತ್ತಿದ್ದವಳು ರೆನ್ಸ್ಕೆ. ನೀವು ಓದಿದ್ದು ಸರಿಯಾಗಿಯೇ ಇದೆ, ಕೊಡುತ್ತಿದ್ದವಳು ಹೆಂಡತಿ!

ರೆನ್ಸ್ಕೆ ಸರಕು ಸಾಗಿಸುವ ನದಿ ಹಡಗಿನ ಕ್ಯಾಪ್ಟನ್. ಹಡಗು ಅವಳಪ್ಪ ಬಿಟ್ಟುಹೋದದ್ದು. ಮಗಳ ಮೇಲಿನ ಅಕ್ಕರೆಗೆ ಹಡಗಿಗೂ 'ರೆನ್ಸ್ಕೆ' ಎಂದೇ ಹೆಸರಿಟ್ಟಿದ್ದ. ಹಾರ್ಮೆನ್ ಅವಳನ್ನು ಮದುವೆಯಾಗಿ ಆ ಹಡಗು ಹತ್ತಿದ. ಹಗ್ಗ ಕಟ್ಟಿದ, ಡೆಕ್ ತೊಳೆದ, ಅಡುಗೆ ಮಾಡಿದ. ಕೆಲವು ವರ್ಷ ಕಳೆದ ಮೇಲೆ ಒಂದು ಬೆಳಗ್ಗೆ ಬ್ಯಾಗು ಹಿಡಿದು ಇಳಿದು ಹೋದ.

"ಹಡಗೂ ನೀನೇ, ಹಡಗಿನ ಹೆಸರೂ ನೀನೇ, ಹೆಂಡ್ತಿನೂ ನೀನೇ... ಇದರಲ್ಲಿ ನಾನೆಲ್ಲಿ ಇರ್ಲಿ ರೆನ್ಸ್ಕೆ?" ಹೋಗುವಾಗ ಅವನು ಕೇಳಿದ್ದು ಅಷ್ಟೇ.

ವಿಚ್ಛೇದನವಾಗಿ ವರ್ಷ ತುಂಬುವ ಮೊದಲೇ ಅವನ ವಕೀಲರ ಕಾಗದ ಬಂತು. ಆಮೇಲೆ ಕೋರ್ಟು. ಹಡಗಿನ ಒಡತಿ ದುಡಿಯುತ್ತಿದ್ದಾಳೆ, ಮಾಜಿ ಗಂಡನಿಗೆ ಆದಾಯವಿಲ್ಲ, ಆದ್ದರಿಂದ ಅವಳು ಕೊಡಬೇಕು ಎಂದಾಯಿತು.

ಕೊಟ್ಟಳು. ಎಂಜಿನ್ ರಿಪೇರಿ ಮುಂದಕ್ಕೆ ಹಾಕಿ, ಹಲ್ಲು ಕಚ್ಚಿಕೊಂಡು ಕೊಟ್ಟಳು. ನದಿಯ ಜನ ಹಿಂದಿನಿಂದ 'ಗಂಡನಿಗೆ ಸಂಬಳ ಕೊಡೋಳು' ಎಂದು ಆಡಿಕೊಂಡರು. ಅದನ್ನೂ ಸಹಿಸಿದಳು. ಸಹಿಸಲಾಗದೆ ಹೋದದ್ದು ಒಂದೇ... 'ನನ್ನ ಬಿಟ್ಟು ಹೋದವನು ನನ್ನ ಮುಂದೇನೇ ಕೈ ಚಾಚಿದನಲ್ಲ!'

ಇವತ್ತು ಬೆಳಗ್ಗೆ ಹಡಗಿನ ವೈರ್‌ಲೆಸ್‌ನಲ್ಲಿ ತೀನೆಕೆ ಸಿಕ್ಕಿದ್ದಳು. ಎದುರಿನಿಂದ ಬರುತ್ತಿದ್ದ ಹಡಗಿನ ಕ್ಯಾಪ್ಟನ್ನನ ಹೆಂಡತಿ. ನದಿಯ ಸುದ್ದಿಗೆಲ್ಲ ಅವಳೇ ಅಂಚೆ ಕಚೇರಿ.

"ಏನೇ, ಹೋಲ್ಟರ್‌ಝೈಲ್‌ನಲ್ಲಿ ಸರಕು ಇಳಿಸ್ತೀಯಂತೆ? ನಿನ್ನ ಗಂಡ ಅಲ್ಲೇ ಇದಾನೆ ಕಣೇ."

"ಮಾಜಿ ಗಂಡ."

"ಆಯ್ತಮ್ಮ, ಮಾಜಿ. ಗೀಸ್ಕೆ ಅಂತ ಇದಾಳಲ್ಲ, ಗಂಡ ತೀರ್ಕೊಂಡೋಳು, ಅವಳ ಮನೇಲಿ ಇದಾನೆ. ಇಬ್ರೂ ಒಟ್ಟಿಗೆ ಕೂತು ಉಣ್ಣೋದನ್ನ ಕಿಟಕೀಲಿ ನಾನೇ ನೋಡ್ದೆ. ನೀನಿಲ್ಲಿ ದುಡಿದು ಕಳಿಸು, ಅವನು ಅಲ್ಲಿ ಸಂಸಾರ ಮಾಡ್ಲಿ!"

"ಮಾಡಿದ್ರೆ ಒಳ್ಳೇದೇ ಆಯ್ತು ಬಿಡು." ದನಿ ನಡುಗದ ಹಾಗೆ ನೋಡಿಕೊಂಡು ಹೇಳಿದ್ದಳು ರೆನ್ಸ್ಕೆ. "ನನ್ನ ಪಾಲಿಗೆ ಆ ಪೀಡೆ ತೊಲಗುತ್ತೆ. ಇವತ್ತೇ ಹೋಗಿ ನೋಡಿ ಬರ್ತೀನಿ."

ಕೂಡಲೇ ವಕೀಲೆ ಕಾರ್ಲೈನ್‌ಗೆ ಫೋನ್ ಮಾಡಿದಳು.

"ಅವರಿಬ್ರೂ ಗಂಡ ಹೆಂಡ್ತಿ ಥರ ಬಾಳ್ತಿದ್ರೆ ನಿಮ್ಮ ಜೀವನಾಂಶ ಅಲ್ಲಿಗೆ ಮುಗೀತು," ಎಂದಳು ಕಾರ್ಲೈನ್. "ನಾಳೆ ಅವರು ಬೇರೆ ಆದ್ರೂ ಅದು ಮತ್ತೆ ಶುರುವಾಗಲ್ಲ. ಆದ್ರೆ ಪುರಾವೆ ಬೇಕು ರೆನ್ಸ್ಕೆ. ಒಂದೇ ಅಡುಗೆನಾ, ಒಂದೇ ಖರ್ಚಾ, ಒಬ್ಬರನ್ನೊಬ್ಬರು ನೋಡ್ಕೊಳ್ತಾರಾ... ಸರಿಯಾಗಿ ತಿಳ್ಕೊಂಡು ನನಗೆ ಹೇಳಿ."

ತಿಳಿದುಕೊಳ್ಳಲು ಬಂದವಳು ಈಗ ನಡುಬೀದಿಯಲ್ಲಿ ಸಿಕ್ಕಿಬಿದ್ದಿದ್ದಳು.

ಬಾಗಿಲು ತೆರೆಯಿತು.

"ಎಷ್ಟು ಹೊತ್ತಾಯ್ತು ನಿಂತು?" ಹಾರ್ಮೆನ್ ಕೇಳಿದ. ಅದೇ ದನಿ. ಕಿವಿಯ ಬಳಿ ಕೂದಲು ನೆರೆತಿತ್ತು.

"ಈಗಷ್ಟೇ... ಸುಮ್ನೆ ಹೀಗೇ ಆಚೆ ಹೋಗ್ತಿದ್ದೆ."

"ಈ ಬೀದಿ ಇಲ್ಲಿಗೇ ಮುಗಿಯುತ್ತೆ ರೆನ್ಸ್ಕೆ. ಆಚೆ ಇರೋದು ಬರೀ ನೀರು."

ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ಹಾಗೆ ಅವಳ ಮುಖ ಕೆಂಪಾಯಿತು.

"ಒಳಗೆ ಬಾ. ಊಟ ಮಾಡು."

ಅವಳು ಬೆಚ್ಚಿಬಿದ್ದಳು. ಆರು ಗಂಟೆಗೆ ಬಾಗಿಲು ತಟ್ಟಿದರೆ ಈ ನಾಡಿನಲ್ಲಿ ಒಡಹುಟ್ಟಿದವರಿಗೂ 'ಊಟ ಆದಮೇಲೆ ಬಾ, ಕಾಫಿ ಕುಡಿಯೋಣ' ಎನ್ನುತ್ತಾರೆ. ತಲೆಗೆ ಇಷ್ಟೆಂದು ಎಣಿಸಿ ಆಲೂಗಡ್ಡೆ ಬೇಯಿಸುವ ಜನ. ಕರೆಯದೆ ಬಂದವರಿಗೆ ತಟ್ಟೆ ಹಾಕಿದ್ದನ್ನು ರೆನ್ಸ್ಕೆ ಹುಟ್ಟಿದಾಗಿನಿಂದ ನೋಡಿರಲಿಲ್ಲ.

'ಹೊಸ ಹೆಂಡ್ತಿ ಎದುರು ದೊಡ್ಡಸ್ತಿಕೆ ತೋರಿಸ್ತಿದಾನೆ!' ಎಂದುಕೊಂಡಳು. 'ಆಗ್ಲಿ. ಒಳಗೆ ಹೋದ್ರೆ ಪುರಾವೆ ಇನ್ನೂ ಚೆನ್ನಾಗಿ ಸಿಗುತ್ತೆ.'

"ಬನ್ನಿ ಬನ್ನಿ," ಎಂದಳು ಕೆಂಪು ಸ್ವೆಟರಿನ ಗೀಸ್ಕೆ. ನಲವತ್ತರ ಆಸುಪಾಸು, ಕೆನ್ನೆಯಲ್ಲಿ ಗುಳಿ ಬೀಳುವ ನಗು. 'ಚೆಂದ ಬೇರೆ ಇದಾಳೆ,' ಎಂದು ರೆನ್ಸ್ಕೆಯ ಹೊಟ್ಟೆ ಉರಿಯಿತು. "ಇವನು ಆಲೂಗಡ್ಡೆ ಸುಲಿಯೋದು ನೋಡಿ ಮಧ್ಯಾಹ್ನಾನೇ ಕೇಳ್ದೆ, ಯಾರಪ್ಪಾ ಬರ್ತಿರೋದು ಅಂತ. ಬಾಯೇ ಬಿಡ್ಲಿಲ್ಲ!"

ಹಾರ್ಮೆನ್ ಓವನ್ನಿನ ಬಾಗಿಲು ತೆರೆದ. ಒಳಗೆ ಮೂರನೆಯ ತಟ್ಟೆ ಬೆಚ್ಚಗೆ ಕೂತಿತ್ತು.

ರೆನ್ಸ್ಕೆಗೆ ಏನೂ ಅರ್ಥವಾಗಲಿಲ್ಲ. ನಾನು ಬರುತ್ತೇನೆಂದು ಇವನಿಗೆ ಹೇಗೆ ಗೊತ್ತು?

ಹಿಸುಕಿದ ಆಲೂಗಡ್ಡೆಗೆ ಕೇಲ್ ಸೊಪ್ಪು ಬೆರೆಸಿ, ಮೇಲೆ ಹೊಗೆ ಹಾಕಿದ ಸಾಸೇಜ್ ಇಟ್ಟು, ನಡುವೆ ಗುಳಿ ಮಾಡಿ ಗ್ರೇವಿ ಸುರಿದು ಮುಂದಿಟ್ಟ. ಗುಳಿ ದೊಡ್ಡದಿರಬೇಕು, ಗ್ರೇವಿ ಅಂಚಿಗೆ ಹರಿಯಬಾರದು. ಅವಳಿಗೆ ಇಷ್ಟವಾಗುವುದು ಹಾಗೇ. ಮರೆತಿರಲಿಲ್ಲ ಅವನು.

ರೆನ್ಸ್ಕೆ ಗಟ್ಟಿ ಮನಸ್ಸು ಮಾಡಿಕೊಂಡು ವಿಚಾರಣೆ ಶುರು ಮಾಡಿದಳು.

"ಗೀಸ್ಕೆ, ಒಂದು ಮಾತು ಕೇಳ್ಲಾ? ಈ ಮನೇಲಿ ಅಂಗಿ ಇಸ್ತ್ರಿ ಮಾಡೋದು ಯಾರು?"

ಗೀಸ್ಕೆಯ ಫೋರ್ಕು ಬಾಯಿಯ ಹತ್ತಿರವೇ ನಿಂತಿತು. "ಇಸ್ತ್ರಿನಾ? ಇವನ ಅಂಗಿ ನೋಡಿ, ಯಾವ ಜನ್ಮದಲ್ಲಾದ್ರೂ ಇಸ್ತ್ರಿ ಕಂಡಿದೆ ಅನ್ಸುತ್ತಾ?"

"ಮತ್ತೆ ಅಂಗಡಿ ಸಾಮಾನು? ಯಾರು ತರ್ತಾರೆ?"

ಗೀಸ್ಕೆ ಒಮ್ಮೆ ಅವಳನ್ನು, ಒಮ್ಮೆ ಹಾರ್ಮೆನ್‌ನನ್ನು ನೋಡಿದಳು. ಆಮೇಲೆ ಮೇಜು ಅಲುಗುವ ಹಾಗೆ ನಕ್ಕಳು!

"ಅಯ್ಯೋ ಮಾರಾಯ್ತಿ, ಪುರಾವೆ ಹುಡ್ಕೊಂಡು ಬಂದಿದ್ದೀರಾ? ಮೊದ್ಲೇ ಹೇಳಬಾರ್ದಾ! ಏಳಿ, ಏಳಿ."

ಕೈ ಹಿಡಿದು ಎಳೆದುಕೊಂಡು ಹೋಗಿ ಫ್ರಿಜ್ ತೆರೆದಳು. ನಡುವೆ ಅಡ್ಡಕ್ಕೆ ಕೆಂಪು ಟೇಪು ಅಂಟಿಸಿತ್ತು.

"ಮೇಲಿಂದು ನಂದು, ಕೆಳಗಿಂದು ಅವನ್ದು. ಹಾಲು ಎರಡು, ಚೀಸ್ ಎರಡು. ಮೇಜಿನ ಮೇಲೂ ನೋಡಿ, ಬೆಣ್ಣೆ ಡಬ್ಬಿ ಎಷ್ಟಿದೆ?"

ರೆನ್ಸ್ಕೆ ತಿರುಗಿ ನೋಡಿದಳು. ಒಂದೇ ಕಂಪನಿಯ ಬೆಣ್ಣೆ, ಒಂದೇ ಅಳತೆ, ಡಬ್ಬಿ ಮಾತ್ರ ಎರಡು. ಹೊರಗಿನಿಂದ ಅವಳಿಗೆ ಅದು ಕಂಡಿರಲಿಲ್ಲ.

"ಇವನು ಮೇಲಿನ ರೂಮಿಗೆ ಬಾಡಿಗೆ ಕೊಟ್ಕೊಂಡು ಇದಾನೆ. ನಾನು ನನ್ನ ಗಂಡನ ಪಿಂಚಣೀಲಿ ಬದುಕೋಳು ಕಣ್ರೀ. ಈ ಯಪ್ಪನ ಜೊತೆ ಸಂಸಾರ ಹೂಡಿದ್ದೀನಿ ಅಂತ ಯಾರಾದ್ರೂ ಸರ್ಕಾರಕ್ಕೆ ಬರೆದು ಹಾಕಿದ್ರೆ ನನ್ನ ಪಿಂಚಣಿಗೂ ಕತ್ತರಿ, ಇವನ ಜೀವನಾಂಶಕ್ಕೂ ಕತ್ತರಿ! ಅದಕ್ಕೇ ಒಂದೇ ಬೆಣ್ಣೆಗೆ ಇಬ್ರೂ ಚಾಕು ಹಾಕಲ್ಲ. ಬುಧವಾರ ಒಂದಿನ ಮಾತ್ರ ಒಟ್ಟಿಗೆ ಊಟ, ಒಂದ್ಸಲ ಅವನ ಖರ್ಚು, ಒಂದ್ಸಲ ನಂದು. ಮನುಷ್ಯರಲ್ವಾ? ದಿನಾ ಗೋಡೆ ನೋಡ್ಕೊಂಡು ಉಣ್ಣೋಕಾಗುತ್ತಾ?"

ಇವತ್ತು ಬುಧವಾರ. ತೀನೆಕೆ ಕಿಟಕಿಯಲ್ಲಿ ನೋಡಿದ್ದೂ ಬುಧವಾರವೇ ಇರಬೇಕು.

ಎದೆಯ ಮೇಲಿಂದ ಕಲ್ಲು ಇಳಿದ ಹಾಗಾಯಿತು ರೆನ್ಸ್ಕೆಗೆ. ಹಾಗಾಯಿತಲ್ಲ ಎಂದು ತನ್ನ ಮೇಲೇ ಸಿಟ್ಟೂ ಬಂತು. ದುಡ್ಡು ಉಳಿಯುವ ದಾರಿ ಮುಚ್ಚಿತ್ತು. ಅಳಬೇಕಾದವಳು ತಟ್ಟೆಯ ಮುಂದೆ ಕೂತು ಸಾಸೇಜ್ ಕತ್ತರಿಸಿ ಬಾಯಿಗಿಟ್ಟುಕೊಂಡಳು. ಇಷ್ಟು ರುಚಿಯಾಗಿ ಉಂಡು ಎಷ್ಟು ಕಾಲವಾಗಿತ್ತೋ!

ಆಗ ಕಪಾಟಿನ ಮೇಲೆ ಏನೋ ಕರಕರ ಎಂದಿತು. ಯಾವುದೋ ಹಡಗಿನವನು ಸೇತುವೆ ಎತ್ತಿಕೊಡಿ ಎಂದು ಕೇಳುವ ದನಿ. ಹಳೆಯ ವೈರ್‌ಲೆಸ್ ಪೆಟ್ಟಿಗೆ.

"ಮನೇಲಿ ಇದ್ಯಾಕೆ?" ರೆನ್ಸ್ಕೆ ಕೇಳಿದಳು.

"ನನ್ನ ಗಂಡನ ಹಡಗಿಂದು," ಗೀಸ್ಕೆ ಕೋಟು ಹಾಕಿಕೊಳ್ಳುತ್ತಾ ಹೇಳಿದಳು. "ಗುಜರಿಗೆ ಹಾಕ್ತೀನಿ ಅಂದ್ರೆ ಇವನು ಬಿಡಲ್ಲ. ಯಾವಳೋ ಒಬ್ಳು ಆಗಾಗ ಈ ಕಡೆ ಹಡಗು ತರ್ತಾಳಂತೆ. ಸೇತುವೆಯವರ ಹತ್ರ ಅವಳು ಎರಡು ಮಾತಾಡಿದ್ರೆ ಅವತ್ತೆಲ್ಲ ಇವನು ಸಿಳ್ಳೆ ಹಾಕ್ಕೊಂಡು ಓಡಾಡ್ತಾನೆ. ಸರಿ, ನನಗೆ ಚರ್ಚಲ್ಲಿ ಹಾಡಿನ ಅಭ್ಯಾಸ ಇದೆ. ಪಾತ್ರೆ ತೊಳೆದಿಡ್ರಿ ಇಬ್ರೂ."

ಬಾಗಿಲು ಮುಚ್ಚಿತು. ಹಾರ್ಮೆನ್‌ನ ಕಿವಿ ಕೆಂಪಾಗಿತ್ತು.

ರೆನ್ಸ್ಕೆಗೆ ಆಗ ಹೊಳೆಯಿತು. ಕೈ ಬಾಯಿಗೆ ಹೋಯಿತು.

"ಹಾಗಾದ್ರೆ ಇವತ್ತು ಬೆಳಗ್ಗೆ ನಾನೂ ತೀನೆಕೆನೂ..."

"ಕೇಳಿಸ್ತು. ಪೀಡೆ ತೊಲಗುತ್ತೆ ಅಂದಿದ್ದೂ ಕೇಳಿಸ್ತು." ಅವನು ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟ. "ಎಲ್ಲರಿಗೂ ಕೇಳೋ ಚಾನೆಲ್ ಅದು. ನನಗೊಬ್ಬನಿಗೇ ಅಲ್ಲ, ಸೇತುವೆಯವನಿಗೂ ಕೇಳಿಸಿರುತ್ತೆ, ಹಿಂದೆ ಬರ್ತಿದ್ದ ಮರಳು ಹಡಗಿನವರಿಗೂ ಕೇಳಿಸಿರುತ್ತೆ."

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ಅವಳಿಗೆ. ಹುಟ್ಟಿದ್ದು ಹಡಗಿನಲ್ಲಿ, ಬೆಳೆದದ್ದು ಹಡಗಿನಲ್ಲಿ. ಆ ಚಾನೆಲ್ಲಿನಲ್ಲಿ ಮನೆ ಮಾತು ಆಡಬಾರದೆಂದು ಅಪ್ಪ ಎಷ್ಟು ಸಲ ಬೈದಿದ್ದ!

"ಅದನ್ನ ಕೇಳಿಯೂ ನನಗೆ ಅಡುಗೆ ಮಾಡಿದ್ಯಾ?"

"ಪುರಾವೆ ಹುಡುಕೋಕೆ ಬರೋಳು ಹಸ್ಕೊಂಡು ಬರ್ತಾಳೆ ಅಂತ ಗೊತ್ತಿತ್ತು. ಸರಕು ಇಳಿಸೋ ದಿನ ನೀನು ಯಾವತ್ತು ಹೊತ್ತಿಗೆ ಸರಿಯಾಗಿ ಉಂಡಿದ್ದೀಯ?"

ಅಳು ಬರಬಾರದೆಂದು ಅವಳು ಒರಟಾಗಿ ಕೇಳಿದಳು.

"ಇಷ್ಟೆಲ್ಲ ಕಾಳಜಿ ಇದ್ದೋನು ನನ್ನ ಹತ್ರ ದುಡ್ಡು ಯಾಕೆ ಕೇಳ್ದೆ ಹಾರ್ಮೆನ್? ಹೋಗೋದು ಹೋದೆ, ಹಂಗಿಲ್ಲದೆ ಹೋಗ್ಬೇಕಿತ್ತು!"

ಅವನು ನಲ್ಲಿ ತಿರುಗಿಸಿದ. ನೀರು ಬಿಸಿಯಾಗುವವರೆಗೂ ಕಾದ. ಹಾರ್ಮೆನ್ ಎಂದೂ ಹಾಗೇ, ಮಾತು ಬರುವ ಮೊದಲು ಅವನ ಕೈಗೊಂದು ಕೆಲಸ ಬೇಕು.

"ಹಡಗು ಬಿಟ್ಟ ಮೇಲೆ ದೋಣಿ ಕಟ್ಟೋ ಕಡೆ ಕೆಲಸಕ್ಕೆ ಸೇರ್ಕೊಂಡೆ. ಏಣಿ ಜಾರಿ ಬಿದ್ದೆ. ಭುಜ ಮುರೀತು. ಕೆಲಸ ಹೋಯ್ತು, ಪುರಸಭೆಗೆ ಹೋಗಿ ಸಹಾಯಧನ ಕೇಳ್ದೆ. ಅವರು ಕೇಳಿದ್ರು, ಮಾಜಿ ಹೆಂಡ್ತಿಗೆ ಸಂಪಾದನೆ ಇದೆಯಾ? ಹಾಗಿದ್ರೆ ಮೊದ್ಲು ಅವರ ಹತ್ರ ಹಕ್ಕು ಕೇಳಿ, ಆಮೇಲೆ ನಮ್ಮ ಹತ್ರ ಬನ್ನಿ ಅಂತ. ಕಾನೂನೇ ಹಾಗಂತೆ. ನಾನು ಬೇಡ ಅಂದೆ. ಅವಳ ಹಡಗಿನ ಮೇಲೆ ಸಾಲ ಇದೆ, ಅವಳನ್ನ ಬಿಟ್ಬಿಡಿ ಅಂದೆ. ಬೇಡ ಅಂದ್ರೆ ನಿಮಗೂ ಕೊಡೋಕಾಗಲ್ಲ ಅಂದ್ರು. ಆಗ ಬಲಗೈ ಎತ್ತಿ ಬಾಚಣಿಗೆ ಹಿಡಿಯೋಕೂ ಆಗ್ತಿರ್ಲಿಲ್ಲ ನನಗೆ."

ರೆನ್ಸ್ಕೆ ಕುರ್ಚಿಯ ಅಂಚು ಹಿಡಿದುಕೊಂಡಳು.

"ನನಗೆ ಒಂದು ಮಾತು ಹೇಳಬಾರ್ದಿತ್ತಾ?"

"ಫೋನ್ ಮಾಡ್ದೆ. ವಕೀಲರ ಕಾಗದ ಬರೋಕೆ ಮೊದ್ಲೂ ಮಾಡ್ದೆ, ಆಮೇಲೂ ಮಾಡ್ದೆ. ನೀನು ತೆಗೀಲಿಲ್ಲ."

ನಿಜ. ಅವಳು ತೆಗೆದಿರಲಿಲ್ಲ. ಅವನ ಹೆಸರು ಪರದೆಯ ಮೇಲೆ ಕಂಡಾಗಲೆಲ್ಲ ಫೋನನ್ನು ಮಗುಚಿ ಇಟ್ಟು ಎಂಜಿನ್ ಕೋಣೆಗೆ ಇಳಿದು ಹೋಗುತ್ತಿದ್ದಳು. ಅಲ್ಲಿ ಸದ್ದಿನಲ್ಲಿ ಅತ್ತರೆ ಯಾರಿಗೂ ಕೇಳಿಸುವುದಿಲ್ಲ.

'ಭುಜ ಮುರಿದು ಒಂಟಿಯಾಗಿ ಮಲಗಿದ್ದ... ನಾನು ಅವನನ್ನ ಸೋಮಾರಿ, ಲಜ್ಜೆಗೆಟ್ಟವನು ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗಿದೆ!'

"ಈಗ ಹೇಗಿದೆ ಭುಜ?"

"ಪರವಾಗಿಲ್ಲ. ಭಾರ ಎತ್ತೋಕಾಗಲ್ಲ. ಹಗ್ಗ ಎಳೆಯೋಕಾಗಲ್ಲ." ಅವನು ಕೈ ಒರೆಸಿಕೊಂಡ. "ನಿನಗೊಂದು ಒಳ್ಳೇ ಸುದ್ದಿ ಇದೆ. ಕೂತಲ್ಲೇ ಓದಿ ಕ್ಯಾಪ್ಟನ್ ಪರೀಕ್ಷೆ ಪಾಸ್ ಮಾಡ್ದೆ. ರೈನ್ ನದೀಲಿ ಕೆಲಸ ಸಿಕ್ಕಿದೆ, ಸ್ವಿಟ್ಜರ್ಲೆಂಡಿನ ಬಾಸೆಲ್‌ವರೆಗೂ ಹೋಗೋ ಹಡಗು. ಮುಂದಿನ ತಿಂಗಳಿಂದ ದುಡ್ಡು ಹಾಕ್ಬೇಡ. ಯಾವ ಪುರಾವೆನೂ ಬೇಕಾಗಿಲ್ಲ. ನಾನೇ ನಿನ್ನ ವಕೀಲರಿಗೆ ಹೇಳ್ತೀನಿ."

ಅವಳು ಬಂದದ್ದು ಇದಕ್ಕೇ. ಇದೇ ಬೇಕಿತ್ತು. ಇನ್ನು ಒಂದು ಯೂರೋ ಕೊಡಬೇಕಾಗಿಲ್ಲ, ಅವನ ಹೆಸರನ್ನೂ ನೋಡಬೇಕಾಗಿಲ್ಲ.

"ಖುಷಿ ಆಯ್ತಾ?" ಅವನು ಮೆಲ್ಲಗೆ ಕೇಳಿದ.

"ಹೂಂ."

ಹೂಂ ಎಂದವಳ ಕಣ್ಣಿಂದ ನೀರು ಇಳಿಯತೊಡಗಿತು. ಒರೆಸಿಕೊಂಡಳು. ಮತ್ತೆ ಇಳಿಯಿತು. ಬೈದುಕೊಳ್ಳುತ್ತಾ ತಿಂಗಳು ತಿಂಗಳು ಹಣ ಹಾಕುವಾಗ 'ಇದು ತಲುಪಿದೆ ಅಂದ್ರೆ ಅವನು ಎಲ್ಲೋ ಇದಾನೆ' ಎಂಬ ಸಮಾಧಾನ ಒಂದಿತ್ತು ಅವಳಿಗೆ. ಅದು ಇತ್ತೆಂಬುದು ಅವಳಿಗೆ ಗೊತ್ತಾದದ್ದೇ ಈಗ.

"ಹೋಗ್ಬೇಡ ಹಾರ್ಮೆನ್."

"ಏನಂದೆ?"

"ಬಾಸೆಲ್‌ಗೆ ಹೋಗ್ಬೇಡ. ಹಡಗಿಗೆ ಬಾ. ಬೇಕಾದ್ರೆ ಅರ್ಧ ನಿನ್ನ ಹೆಸರಿಗೆ ಬರೆದುಕೊಡ್ತೀನಿ."

ಅವನ ಮುಖ ಬಿಗಿಯಿತು. "ನಿನ್ನ ಹಡಗು ನನಗೆ ಯಾವತ್ತೂ ಬೇಕಾಗಿರ್ಲಿಲ್ಲ ರೆನ್ಸ್ಕೆ. ಈಗ್ಲೂ ನಿನಗೆ ಅದೇ ಅರ್ಥ ಆಗಿಲ್ಲ ನೋಡು."

"ಮತ್ತೇನು ಬೇಕಿತ್ತು? ಹೇಳು! ಅವತ್ತೂ ಹೇಳ್ದೆ ಹೋದೆ, ಇವತ್ತಾದ್ರೂ ಹೇಳು!"

"ಆ ಮಂಜಿನ ದಿನ ನೆನಪಿದೆಯಾ?"

ನೆನಪಿಲ್ಲದೆ ಏನು! ಮುಂದೆ ಚಾಚಿದ ಕೈ ಕಾಣದಷ್ಟು ಮಂಜು. ಚುಕ್ಕಾಣಿ ಹಾರ್ಮೆನ್‌ನ ಕೈಯಲ್ಲಿತ್ತು. ಸೇತುವೆಯ ಕಂಬ ಇದ್ದಕ್ಕಿದ್ದಂತೆ ಕಂಡಾಗ ರೆನ್ಸ್ಕೆ ಅವನನ್ನು ದೂಡಿ ಚುಕ್ಕಾಣಿ ಕಿತ್ತುಕೊಂಡಿದ್ದಳು. 'ಬಿಡು! ಇದು ನನ್ನ ಹಡಗು!' ಎಂದು ಕಿರುಚಿದ್ದಳು. ಮೈಕು ಆನ್ ಆಗಿತ್ತು. ನದಿಯ ಮೇಲಿದ್ದ ಅಷ್ಟೂ ಹಡಗುಗಳಿಗೆ ಆ ಮಾತು ಕೇಳಿಸಿತ್ತು.

"ಅವತ್ತು ನನಗೂ ಕಂಬ ಕಂಡಿತ್ತು," ಎಂದ ಹಾರ್ಮೆನ್. "ನಾನು ಆಗ್ಲೇ ತಿರುಗಿಸ್ತಾ ಇದ್ದೆ. ಹೋಗ್ಲಿ, ಜನ ನಕ್ಕರು ಅಂತ ನಾನು ಇಳಿದು ಹೋಗ್ಲಿಲ್ಲ. ಅವತ್ತು ಸಂಜೆ ನಿನ್ನ ಕೈ ನಡುಗ್ತಾ ಇತ್ತು. ಯಾಕೆ ಅಂತ ಕೇಳ್ದೆ. ಏನಿಲ್ಲ, ಹೋಗಿ ಡೆಕ್ ತೊಳಿ ಅಂದೆ ನೀನು. ನನಗೆ ಬೇಕಾಗಿದ್ದು ಇಷ್ಟೇ, ಹೆದರಿಕೆ ಆದಾಗ ಹೆದರಿಕೆ ಆಯ್ತು ಅಂತ ನನ್ನ ಹತ್ರ ಹೇಳ್ಬೇಕಿತ್ತು. ಕೂಲಿ ಆಳಿನ ಹತ್ರ ಯಾರೂ ಅದನ್ನ ಹೇಳಲ್ಲ. ಗಂಡನ ಹತ್ರ ಹೇಳ್ತಾರೆ."

ರೆನ್ಸ್ಕೆಗೆ ಅಪ್ಪ ಕಲಿಸಿದ್ದು ಅದನ್ನೇ ಅಲ್ಲವೇ, ಕ್ಯಾಪ್ಟನ್ ಹೆದರಿದ್ದು ಯಾರಿಗೂ ಗೊತ್ತಾಗಬಾರದು! ಅಪ್ಪ ಅದನ್ನು ಹಡಗಿನ ಆಳುಗಳ ವಿಷಯದಲ್ಲಿ ಹೇಳಿದ್ದ. ಅವಳು ಗಂಡನನ್ನೂ ಆ ಸಾಲಿಗೇ ಸೇರಿಸಿಬಿಟ್ಟಿದ್ದಳು.

"ಇವತ್ತು ಹೆದರಿಕೆ ಆಯ್ತು," ಎಂದಳು ಕೊನೆಗೆ. ದನಿ ಅವಳದೆಂದು ಅವಳಿಗೇ ಅನ್ನಿಸಲಿಲ್ಲ. "ಕಿಟಕಿ ಹೊರಗೆ ನಿಂತಾಗ. ನೀನು ಅವಳ ಜೊತೆ ನಗ್ತಾ ಇದ್ದೆ. ಮಂಜಿನ ದಿನ ಆಗಿದ್ದಕ್ಕಿಂತ ಜಾಸ್ತಿ ಹೆದರಿಕೆ ಆಯ್ತು ಹಾರ್ಮೆನ್. ಪುರಾವೆ ಸಿಗದೆ ಇರ್ಲಿ ದೇವರೇ ಅಂದ್ಕೊಂಡೇ ಬಂದಿದ್ದೆ ಅಂತ ಕಾಣುತ್ತೆ. ನಿನ್ನ ಮೇಲೆ ಪ್ರೀತಿ ಇನ್ನೂ ಹೋಗಿಲ್ಲ. ಬೈದು ನೋಡ್ದೆ, ಹೋಗ್ಲಿಲ್ಲ."

ಹಾರ್ಮೆನ್ ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸುತ್ತಾ ನಿಂತ. ಅವನ ಕಣ್ಣು ತುಂಬಿತ್ತು.

"ನನಗೆ ಯೋಚನೆ ಮಾಡೋಕೆ ಬಿಡು," ಎಂದ. "ರೈನ್‌ನವರಿಗೆ ಮಾತು ಕೊಟ್ಟಿದ್ದೀನಿ. ಮತ್ತೆ ಒಂದ್ಸಲ ಬ್ಯಾಗು ಹಿಡ್ಕೊಂಡು ಹಡಗು ಇಳಿಯೋ ಶಕ್ತಿ ನನಗಿಲ್ಲ ರೆನ್ಸ್ಕೆ."

"ಶುಕ್ರವಾರ ಬೆಳಗ್ಗೆ ಹೊರಡ್ಬೇಕು ನಾನು."

"ಗೊತ್ತು."

ಅಷ್ಟೇ ಮಾತು. ಅವಳು ದಂಡೆಯ ಹಾದಿ ಹಿಡಿದು ಒಬ್ಬಳೇ ಹಡಗಿಗೆ ನಡೆದಳು.

ಗುರುವಾರ ದನದ ಮೇವಿನ ಸರಕು ಪೂರಾ ಇಳಿಯಿತು. ಅವಳ ಸಂಬಳದಾಳು ಬೊಗುಸ್ ರಜೆಗೆಂದು ಪೋಲೆಂಡಿಗೆ ಹೊರಟ. ಆಳು ಕಳಿಸುವ ಏಜೆನ್ಸಿಯಿಂದ ಫೋನ್ ಬಂತು.

"ಬದಲಿ ಆಳು ಸಂಜೆಗೆ ಬರ್ತಾನೆ, ಕಳಿಸ್ಲಾ?"

"ಬೇಡ," ಎಂದಳು ರೆನ್ಸ್ಕೆ.

"ಒಬ್ರೇ ಹಡಗು ನಡೆಸೋ ಹಾಗಿಲ್ಲ, ಗೊತ್ತಲ್ಲ?"

"ಗೊತ್ತು. ಬೇಡ."

ಫೋನ್ ಇಟ್ಟಳು. ಅವನು ಬಾರದಿದ್ದರೆ ಹಡಗು ನಿಂತಲ್ಲೇ ನಿಲ್ಲುತ್ತದೆ. ಮುಂದಿನ ಸರಕು ಬೇರೆಯವರ ಪಾಲಾಗುತ್ತದೆ. ಹಡಗಿನ ಸಾಲದ ಕಂತು ತಪ್ಪುತ್ತದೆ. ಜೀವಮಾನದಲ್ಲಿ ಒಂದು ಹಗ್ಗವನ್ನೂ ಸಡಿಲ ಬಿಡದವಳು ಇವತ್ತು ಎಲ್ಲವನ್ನೂ ಅವನ ಮೇಲೆ ಬಿಟ್ಟಿದ್ದಳು.

'ಬರ್ತಾನೆ... ಬರಲ್ಲ... ಯಾಕೆ ಬರ್ಬೇಕು? ನಾನೇನು ಕೊಟ್ಟಿದ್ದೀನಿ ಅವನಿಗೆ, ದುಡ್ಡು ಬಿಟ್ರೆ?'

ಶುಕ್ರವಾರ ಬೆಳಗಾಯಿತು. ನೀರಿನ ಮೇಲೆ ತೆಳ್ಳಗೆ ಬಿಸಿಲು. ಅವಳು ಕಾಫಿ ಮಾಡಿದಳು, ಕುಡಿಯಲಿಲ್ಲ. ಒರೆಸಿದ ಗಾಜನ್ನೇ ಒರೆಸಿದಳು. ಹೊರಡುವ ಹೊತ್ತು ಮೀರಿತು. ದಂಡೆಯಲ್ಲಿ ನಾಯಿ ಕರೆದುಕೊಂಡು ಹೋದ ಮುದುಕನೊಬ್ಬನನ್ನು ಬಿಟ್ಟರೆ ಯಾರೂ ಬರಲಿಲ್ಲ. ಸಾಕು, ಏಜೆನ್ಸಿಗೆ ಫೋನ್ ಮಾಡೋಣ ಎಂದು ಅವಳು ಫೋನ್ ಎತ್ತಿಕೊಂಡಳು.

"ಕ್ಯಾಪ್ಟನ್! ಹತ್ತೋಕೆ ಹಲಗೆ ಹಾಕೋರು ಯಾರೂ ಇಲ್ವಾ ಇಲ್ಲಿ?"

ಅವಳು ಓಡಿ ಹೊರಗೆ ಬಂದಳು. ದಂಡೆಯ ಮೇಲೆ ಹಾರ್ಮೆನ್! ಎಡಗೈಯಲ್ಲಿ ಬ್ಯಾಗು.

"ಲೇಟು!" ಎನ್ನುತ್ತಾ ದಂಡೆಗೆ ಹಲಗೆ ಚಾಚಿದಳು. ಅಳು ನಗು ಎರಡೂ ಒಟ್ಟಿಗೇ ಬಂದವು.

"ಗೀಸ್ಕೆ ಬಿಡ್ಬೇಕಲ್ಲ. ತಿಂಗಳ ಬಾಡಿಗೆ ವಾಪಸ್ ಕೊಡಲ್ಲ ಅಂತ ಜಗಳ, ಆಮೇಲೆ ತಬ್ಕೊಂಡು ಅಳು." ಅವನು ಹಲಗೆಯ ತುದಿಯಲ್ಲೇ ನಿಂತ. "ಬಾಸೆಲ್‌ನವರಿಗೆ ನಿನ್ನೆ ಬೇಡ ಅಂದೆ. ಬೈದ್ರು. ಆದ್ರೆ ಮೊದ್ಲೇ ಹೇಳ್ಬಿಡ್ತೀನಿ, ಆಳಾಗಿ ಬರ್ತಿಲ್ಲ ನಾನು."

"ಆಳು ಬೇಡ ಅಂತ ಏಜೆನ್ಸಿಗೆ ನಿನ್ನೇನೇ ಹೇಳಿದ್ದೀನಿ."

"ನಾನು ಬರ್ತೀನಿ ಅಂತ ಗೊತ್ತಾಗೋಕೆ ಮೊದ್ಲಾ?"

"ಮೊದ್ಲೇ."

ಅವನು ಅವಳನ್ನೇ ನೋಡಿದ. ಲೆಕ್ಕ ಹಾಕದೆ ಹೆಜ್ಜೆ ಇಡದ ರೆನ್ಸ್ಕೆ ಏನು ಪಣಕ್ಕಿಟ್ಟಿದ್ದಳೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಹಲಗೆ ದಾಟಿ ಬಂದು ಬ್ಯಾಗು ಕೆಳಗಿಟ್ಟ.

"ಹಗ್ಗ ಬಿಚ್ಚೋಕೆ ನನ್ನ ಕೈಲಿ ಆಗಲ್ಲ ಕಣೇ."

"ಹಗ್ಗ ನಾನು ನೋಡ್ಕೋತೀನಿ. ನೀನು ಮೇಲೆ ಹೋಗು. ಚುಕ್ಕಾಣಿ ಹಿಡಿ."

ಹಡಗು ದಂಡೆ ಬಿಟ್ಟಿತು. ಹಗ್ಗ ಸುತ್ತಿಟ್ಟು ರೆನ್ಸ್ಕೆ ಚುಕ್ಕಾಣಿ ಕೋಣೆಗೆ ಬರುವ ಹೊತ್ತಿಗೆ ಫೋನ್ ಬಡಿದುಕೊಳ್ಳುತ್ತಿತ್ತು. ವಕೀಲೆ ಕಾರ್ಲೈನ್.

"ರೆನ್ಸ್ಕೆ, ಹೋಗಿ ನೋಡಿದ್ರಾ? ಅವರು ಯಾರ ಜೊತೆಗಾದ್ರೂ ಬಾಳ್ತಿದ್ದಾರಾ?"

ರೆನ್ಸ್ಕೆ ಹಾರ್ಮೆನ್‌ನ ಬೆನ್ನು ನೋಡಿದಳು. "ಹೌದು. ಬಾಳ್ತಿದಾನೆ."

"ಒಳ್ಳೇದಾಯ್ತು! ಆ ಹೆಂಗಸಿನ ಹೆಸರು ಹೇಳಿ, ಬರ್ಕೋತೀನಿ."

"ರೆನ್ಸ್ಕೆ."

"ನಿಮ್ಮ ಹೆಸರಲ್ಲ ಮೇಡಂ, ಅವಳ ಹೆಸರು."

"ಅವಳದ್ದೂ ಅದೇ. ನಾನೇ ಅವಳು."

ಆ ಕಡೆ ಕಾರ್ಲೈನ್ ಗಂಟಲು ಸರಿಮಾಡಿಕೊಂಡು, ಇಷ್ಟು ವರ್ಷದ ವಕೀಲಿಯಲ್ಲಿ ಇಂಥ ಪುರಾವೆ ತಾನು ಕಂಡಿಲ್ಲವೆಂದೂ, ಮದುವೆಗೆ ಕರೆಯದಿದ್ದರೆ ಫೀಸು ದುಪ್ಪಟ್ಟೆಂದೂ ಹೇಳಿ ಫೋನ್ ಇಟ್ಟಳು.

ಹಾರ್ಮೆನ್ ನಗುತ್ತಿದ್ದ. ಆದರೆ ಮುಂದೆ ಸೇತುವೆ ಬಂದಂತೆ ನಗು ನಿಂತಿತು. ಎರಡು ಕಂಬಗಳ ನಡುವೆ ಹಡಗು ಹಿಡಿಯುವಷ್ಟೇ ಜಾಗ. ಅವನು ಚುಕ್ಕಾಣಿಯನ್ನು ಬಿಗಿಯಾಗಿ ಹಿಡಿದ. ರೆನ್ಸ್ಕೆಯ ಕೈ ಅಭ್ಯಾಸಬಲದಿಂದ ಮುಂದೆ ಹೋಯಿತು. ಅರ್ಧದಲ್ಲೇ ತಡೆದು, ಅದನ್ನು ಅವನ ಎಡ ಭುಜದ ಮೇಲಿಟ್ಟಳು.

"ರೆನ್ಸ್ಕೆ..."

"ಹೂಂ?"

"ಹೆದರಿಕೆ ಆಗ್ತಿದೆ."

"ನನಗೂ."

"ನೀನು ತಗೋತೀಯಾ?"

"ಇಲ್ಲ. ಪಕ್ಕದಲ್ಲಿ ನಿಂತಿರ್ತೀನಿ. ನಡೆಸು ನೀನು."